ನೀನು ನೋಡಿ ಬರದ ಬಾವಿ

ಅಣ್ಣಾ, ಈಗ ಎಲ್ಲಿದ್ದೀಯೋ ಅಲ್ಲಿಗೆ,

ಮಂಗಳವಾರ ಬೆಳಿಗ್ಗೆ ರಫೀಕ್ ಭಾಯಿ ಸ್ಟ್ಯಾಂಡಿನಲ್ಲಿ ಅರ್ಧ ಕುಡಿದ ಚಹಾ ಬಿಟ್ಟು ನಮ್ಮ ಮನೆಗೆ ಓಡಿ ಬಂದ. ಇಪ್ಪತ್ತೆರಡು ವರ್ಷ ನಿನ್ನ ಅನೌನ್ಸಿನ ಆಟೋ ಓಡಿಸಿದವನು. ಅವನು ಓಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಬಾಗಿಲ ಚೌಕಟ್ಟು ಹಿಡಿದು ನಿಂತು, "ಅಕ್ಕಾರ, ನೇಮಣ್ಣನ ಫೋಟೋ ಎಲ್ಲೈತ್ರಿ? ಒಂದ್ಸಲ ತೋರಸ್ರಿ" ಅಂದ. ಗೋಡೆ ತೋರಿಸಿದೆ. ಅಲ್ಲಿ ನೀನು, ನಿನ್ನ ಕೊರಳಲ್ಲಿ ಎರಡು ವರ್ಷದ ಹಳೆಯ ಗಂಧದ ಹಾರ. ಅದನ್ನೇ ದಿಟ್ಟಿಸಿ ನೋಡಿ ಕಟ್ಟೆಯ ಮೇಲೆ ಕುಸಿದು ಕುಳಿತ. "ಹಾರ ಐತಿ. ಹಾಂಗಾರ ನಾ ಹುಚ್ಚ ಆಗಿಲ್ಲ. ಆದ್ರ ಅಕ್ಕಾರ, ಈಗಷ್ಟ ನೇಮಣ್ಣ ಪ್ಯಾಟ್ಯಾಗ ಮಾತಾಡಕೋತ ಹೋದಾ."

ಖಾನಾಪುರದ ಪೇಟೆಯ ನಡುವೆ ಹೊಸದೊಂದು ಆಟೋ, ತಲೆಯ ಮೇಲೆ ಎರಡು ಭೋಂಗಾ ಸ್ಪೀಕರು. ಅದರಲ್ಲಿ ನಿನ್ನ ಧ್ವನಿ. ಮೊದಲು ಕನ್ನಡ, ಆಮೇಲೆ ಮರಾಠಿ, ನೀನು ಮಾಡುತ್ತಿದ್ದ ಹಾಗೆಯೇ. ಕಾಡಂಚಿನ ಸಣ್ಣ ಊರುಗಳಾದ ವಾಡಿಗಳ ಬಾವಿ ನೀರು ಪರೀಕ್ಷೆ ಆಗಿದೆ, ಕುಡಿಯಲು ಚಲೋ ಇದೆ, ಯಾರೂ ಅಂಜಬೇಡಿ ಅಂತ. ಕೊನೆಗೆ ಸ್ವಲ್ಪ ತಡೆದು, ಗಂಟಲು ಸರಿ ಮಾಡಿಕೊಂಡು, "ನಾ ನೋಡಿ ಬಂದೇನ್ರಿ" ಅಂತ. ರಫೀಕ್ ಭಾಯಿ ಅದರ ಹಿಂದೆ ಬಸ್ ಸ್ಟ್ಯಾಂಡಿನವರೆಗೂ ಓಡಿದನಂತೆ. ಅವನಿಗೆ ಅದು ಪವಾಡ. ನನಗಲ್ಲ. ನಿನ್ನ ಧ್ವನಿ ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು ಅಣ್ಣಾ. ಕೊಟ್ಟವಳು ನಾನೇ.

ಆ ಮಳೆಗಾಲ ನಿನಗೆ ನೆನಪಿರಬೇಕು, ಹೊಳೆ ಸೇತುವೆಯ ಮೇಲೆ ಹರಿದು ಇಳಿದದ್ದು. ಒಬ್ಬ ಸಾಹೇಬರು ಬಂದು "ದಾರಿ ಚಾಲೂ ಆಗೇತಿ ಅಂತ ಒದರಿಬಿಡು ನೇಮಣ್ಣ" ಅಂದಿದ್ದರು. ನಾನು ಎಂದಿನಂತೆ ಹಾಳೆಯಲ್ಲಿ ಎರಡೂ ಭಾಷೆಯಲ್ಲಿ ಬರೆದುಕೊಟ್ಟೆ. ನೀನು ಓದಿ, ಮಡಚಿ ಕಿಸೆಯಲ್ಲಿಟ್ಟುಕೊಂಡು ಎಲ್ಲಿಗೋ ಹೋದೆ. ಬಂದಾಗ ಮೊಣಕಾಲಿನ ತನಕ ರಾಡಿ. "ಪದ್ದೀ, ನಡೂ ಒಂದು ಕಲ್ಲ ಸಡಲ ಆಗೇತಿ. ಗಾಡಿ ಬ್ಯಾಡ, ಮಂದಿ ನಡಕೋತ ಹೋಗಬಹುದು ಅಂತ ಬರಿ." ನಾನು ಸಿಡುಕಿದೆ: "ಸಾಹೇಬರು ಹೇಳಿದ್ದೊಂದು, ನೀ ಬರಸೂದೊಂದು. ಅವರಿಗೆ ಗೊತ್ತಿರೂದಿಲ್ಲೇನು?" ನೀನು ನಕ್ಕೆ. "ಅವರ ಬೂಟ ನೋಡಿದಿಲ್ಲೋ? ಹೆಂಗ ಹೊಳ್ಯಾಕತ್ತಿದ್ದೂ! ಸೇತುವಿ ಮ್ಯಾಲಿಂದ ಬಂದ ಬೂಟೇನು ಅವು?" ಅವತ್ತು ಅನೌನ್ಸಿನ ಕೊನೆಗೆ ಆ ಮಾತು ಮೊದಲ ಸಲ ನಿನ್ನ ಬಾಯಿಂದ ಬಂತು. ನಾನು ಬರೆದುಕೊಟ್ಟದ್ದಲ್ಲ ಅದು.

ಆಮೇಲೆ ಜನ ಆ ಮಾತಿಗೇ ಕಾಯತೊಡಗಿದರು. ಸೀರೆ ಸೇಲು, ಸರ್ಕಸ್ಸು, ಹೊಸ ಹೋಟೆಲ್ಲು ಇಂಥವಕ್ಕೆ ನೀನು ಅದನ್ನು ಹೇಳುತ್ತಿರಲಿಲ್ಲ. ನೀರು, ದಾರಿ, ಕಳೆದುಹೋದ ಕೂಸು, ಸಾವು ಇವಕ್ಕೆ ಮಾತ್ರ. ಸಾವಿನ ಮನೆಗೆ ಹೋಗಿ ಹೊಸಿಲ ಹೊರಗೆ ಸ್ವಲ್ಪ ಹೊತ್ತು ಕುಳಿತು, ಮುಖ ನೋಡಿ, ಆಮೇಲೆಯೇ ಮೈಕು ಹಿಡಿಯುತ್ತಿದ್ದೆ. ಗಂಟಲು ಕೆಟ್ಟ ದಿನಗಳಲ್ಲಿ ಕ್ಯಾಸೆಟ್ಟು ಹಚ್ಚುತ್ತಿದ್ದೆವು. ಅವತ್ತೂ ನೋಡಿ ಬರುವುದನ್ನು ನೀನು ಬಿಟ್ಟಿಲ್ಲ. ಮೂವತ್ತು ವರ್ಷ ನಾನು ಬರೆದೆ, ನೀನು ಓದಿದೆ. ಇಡೀ ತಾಲೂಕಿಗೆ ಧ್ವನಿ ಮಾತ್ರ ಕೇಳಿಸಿತು, ಬರೆದವಳು ಯಾರಿಗೂ ಕಾಣಲಿಲ್ಲ. ಅದರ ಬಗ್ಗೆ ನನಗೆ ಬೇಸರವೇನೂ ಇರಲಿಲ್ಲ ಅಂತಲೇ ಅಂದುಕೊಂಡಿದ್ದೆ. ಇತ್ತೇನೋ. ಇರದಿದ್ದರೆ ಈ ವಯಸ್ಸಿನಲ್ಲಿ...

ನೀನು ತೀರಿಕೊಂಡ ದಿನ ರಫೀಕ್ ಭಾಯಿ ಮೈಕಿಗೆ ಟವೆಲ್ ಸುತ್ತಿ, ಆಟೋವನ್ನು ನಿನ್ನ ಹಿಂದೆ ಸುಮ್ಮನೆ ನಡೆಸಿಕೊಂಡು ಬಂದ. ಊರಿನ ಎಲ್ಲರ ಸಾವನ್ನು ಸಾರಿದವನ ಸಾವನ್ನು ಸಾರುವವರು ಯಾರೂ ಇರಲಿಲ್ಲ. ನಾನು ಹಾಳೆ ಬರೆದಿದ್ದೆ, ಅಭ್ಯಾಸಬಲ. ಓದಲು ಬಾಯಿ ಬರಲಿಲ್ಲ. ಆ ಹಾಳೆ ಟ್ರಂಕಿನ ತಳಕ್ಕೆ ಹೋಯಿತು. ಪೇಟೆಯವರಿಗೆ ಹೇಗೋ ತಿಳಿಯಿತು, ಬಂದರು. ಕಾಡಿನ ಕಡೆಯ ವಾಡಿಗಳಿಗೆ ಯಾರು ಹೇಳಿದರು? ಯಾರೂ ಹೇಳಲಿಲ್ಲ ಎನ್ನುವುದು ನನಗೆ ಈ ವಾರ ತಿಳಿಯಿತು.

ನೀನು ಹೋದ ಮೇಲೆ ಸುಮತಿಯ ಸಂಸಾರ ಅಂಥದೇ ಒಂದು ವಾಡಿಗೆ ಹೋಯಿತು, ಯಾರ ಮಗಳೆಂದು ಅಲ್ಲಿ ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಹೋದ ವರ್ಷ ಅಲ್ಲಿಂದ ಬಂದಾಗ ಕೈಯಲ್ಲಿ ಒಂದು ಅರ್ಜಿ ಹಿಡಿದಿದ್ದಳು. "ಅತ್ತಿ, ಬೆಳಗಾವ್ಯಾಗ ಸಾರ್ವಜನಿಕ ಸಂಪರ್ಕದ ಕೋರ್ಸ್ ಐತಿ, ಒಂದು ವರ್ಷದ್ದು. ನೀ ಮತ್ತ ಅಪ್ಪ ಮೂವತ್ತು ವರ್ಷ ಮಾಡಿದ್ದಕ್ಕ ಒಂದು ಸರ್ಟಿಫಿಕೇಟರ ಇರ್ಲಿ." ನಿನ್ನ ಮಗಳು, ಹಟಮಾರಿ. ಏಳನೇ ಇಯತ್ತೆಗೆ ಸಾಲಿ ಬಿಟ್ಟು, ಐವತ್ತು ದಾಟಿದ ಮೇಲೆ ಮನೆಯಲ್ಲೇ ಓದಿಕೊಂಡು ಪರೀಕ್ಷೆ ಪಾಸಾದವಳು ನಾನು. ಇನ್ನು ಇದೊಂದು ಯಾಕೆ ಬಾಕಿ ಎಂದು ಸಹಿ ಹಾಕಿದೆ. ವಾರಕ್ಕೆ ಮೂರು ದಿನ ರೈಲು ಹತ್ತಿ ಬೆಳಗಾವಿಗೆ ಇಳಿದು, ಅಲ್ಲಿಂದ ಟಿಳಕವಾಡಿಯ ಕ್ಲಾಸಿಗೆ ನಡೆದು ಹೋಗುತ್ತಿದ್ದೆ.

ಮೊದಲ ದಿನ ನಾನು ಒಳಗೆ ಕಾಲಿಟ್ಟದ್ದೇ ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು, ಪಾಠ ಮಾಡುವವರು ಬಂದರು ಎಂದು. "ಕುಂದರ್ರಪಾ, ನಾನೂ ನಿಮ್ಮಂಗ ಕಲ್ಯಾಕ ಬಂದಾಕಿ" ಅಂದೆ. ಆಮೇಲೆ ಬಹಳ ಸಲಿಗೆಯಾಯಿತು. ಸಂಜೆ ಕ್ಲಾಸು ತಡವಾದರೆ, "ಅಜ್ಜೀ, ಸೂರ್ಯ ಮುಳಗಾಕತ್ತಾನ, ಲಗೂ ಡಬ್ಬಿ ತಗೀರಿ, ಇಲ್ಲಾಂದ್ರ ನಿಮ್ಮ ಪಾಲಿಂದು ನಮಗ" ಎಂದು ನಮ್ಮ ಜೈನರ ಊಟದ ವೇಳೆಯನ್ನು ನನಗೇ ನೆನಪು ಮಾಡಿ ಶೇಂಗಾ ಚಟ್ನಿ ಖಾಲಿ ಮಾಡುತ್ತಿದ್ದರು. ನಂದಿನಿ ಮೇಡಂ ಕಲಿಸಿದ ಪಾಠಗಳಲ್ಲಿ ಅರ್ಧಕ್ಕರ್ಧ ನಮಗೆ ಮೊದಲೇ ಗೊತ್ತಿದ್ದವು, ಹೆಸರು ಗೊತ್ತಿರಲಿಲ್ಲ ಅಷ್ಟೇ. ಯಾರಿಗೆ ಹೇಳಬೇಕು, ಯಾವ ಭಾಷೆಯಲ್ಲಿ, ಎಷ್ಟು ಹೊತ್ತಿಗೆ. ನಾವು ಸಂತೆಯ ದಿನ ನೋಡಿ ಆಟೋ ಬಿಡುತ್ತಿದ್ದುದಕ್ಕೂ ಪುಸ್ತಕದಲ್ಲಿ ಒಂದು ದೊಡ್ಡ ಹೆಸರಿದೆ ಅಣ್ಣಾ, ಕೇಳಿದ್ದರೆ ನೀನು ಬಿದ್ದು ಬಿದ್ದು ನಗುತ್ತಿದ್ದೆ.

ಒಂದು ದಿನ ಮೇಡಂ ಹೇಳಿದರು: ಸುದ್ದಿ ಏನು ಎನ್ನುವುದಕ್ಕಿಂತ ಅದು ಯಾರ ಬಾಯಿಂದ ಬಂತು ಎನ್ನುವುದನ್ನು ಜನ ಮೊದಲು ನೋಡುತ್ತಾರೆ. ನಾನು ಬರೆದುಕೊಂಡು ಕೆಳಗೆ ಗೆರೆ ಎಳೆದೆ. ನಿನ್ನ ನೆನಪಾಗಿ ಹೆಮ್ಮೆಯೆನಿಸಿತು. ಬಾಯಿ ಒಂದು ಕೈಗೆ ಸಿಕ್ಕರೆ ಸಾಕು, ಅದರಿಂದ ಯಾವ ಸುದ್ದಿಯನ್ನಾದರೂ ಹೊರಡಿಸಬಹುದು ಎನ್ನುವುದೂ ಅದೇ ಸಾಲಿನಲ್ಲಿ ಇತ್ತಲ್ಲ, ಅದು ನನಗೆ ಯಾಕೆ ಕಾಣಲಿಲ್ಲ?

ದೀಪಾವಳಿಗೆ ಮುಂಚೆ ಎಲ್ಲರೂ ತಮ್ಮ ಊರಿನ ಪ್ರಚಾರದ ರೀತಿಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿತ್ತು. ನಾನು ನಿನ್ನ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದೆ. ಹಚ್ಚಿದಾಗ ಪಿಸುಗುಟ್ಟುವ ಹುಡುಗಿಯರೂ ಮುಂದೆ ಬಾಗಿ ಕೇಳಿದರು. ಬಾಗಿಲ ಬಳಿ ಅತಿಥಿಯಾಗಿ ಬಂದಿದ್ದ ಪ್ರಕಾಶ ಸರ್ ಕೂತಿದ್ದರು. ಬೆಳಗಾವಿಯ ಆಟೋ ನಗರದಲ್ಲಿ ಆಫೀಸಿರುವ ಒಂದು ಫೌಂಡ್ರಿ ಕಂಪನಿಯ ಸಂಪರ್ಕಾಧಿಕಾರಿ. ಮುಗಿದ ಮೇಲೆ ಅವರೇ ಎದ್ದು ಬಂದು ಕೈಮುಗಿದರು. "ಪದ್ಮಕ್ಕಾ, ನೀವು ಬರದದ್ದಾ ಇವೆಲ್ಲಾ?" ಹೌದಂದೆ. "ನೀವು ನಮ್ಮಲ್ಲಿ ಟ್ರೇನಿಂಗಿಗೆ ಬರ್ರಿ. ನಿಮ್ಮಂಥಾವರ ಹತ್ರ ನಾವು ಕಲೀಬೇಕು." ಮೂವತ್ತು ವರ್ಷದಲ್ಲಿ ಬರೆದವಳು ಯಾರು ಎಂದು ಕೇಳಿದವರಲ್ಲಿ ಅವರೇ ಮೊದಲಿಗರು. ನನಗೆ ಅಷ್ಟು ಸಾಕಾಯಿತು.

ಆಟೋ ನಗರದ ಆ ಆಫೀಸಿನಲ್ಲಿ ನನಗೊಂದು ಖುರ್ಚಿ, ಕಿಟಕಿ ಬಾಜೂ ಟೇಬಲ್ಲು, ದಿನಕ್ಕೆ ಎರಡು ಸಲ ಚಹಾ. ನನಗಾಗಿಯೇ ಫಿಲ್ಟರಿನ ನೀರಿನ ಮೇಲೆ ಬಿಳಿ ಅರಿವೆ ಹಾಕಿ ಸೋಸಿಸಿ ಕೊಡುತ್ತಿದ್ದರು. ನಾವು ಸೋಸದ ನೀರು ಕುಡಿಯುವುದಿಲ್ಲ ಎಂದು ಪ್ರಕಾಶ ಸರ್‌ಗೆ ಗೊತ್ತಿತ್ತು. ಇಂಥ ಮನುಷ್ಯನ ಮೇಲೆ ಅನುಮಾನ ಪಡುವುದು ಹೇಗೆ? ಎರಡನೇ ವಾರದಲ್ಲಿ ಒಂದು ಕಾಗದ ತಂದಿಟ್ಟರು. "ನೇಮಣ್ಣನವರ ಧ್ವನಿ ಹಿಂಗ ಪೆನ್‌ಡ್ರೈವಿನ್ಯಾಗ ಹಾಳಾಗಬಾರದು ಅಕ್ಕಾ. ನಮ್ಮ ಕಂಪ್ಯೂಟರಿನ್ಯಾಗ ಕಾಯಮ್ ಉಳಿಸಿಡೂಣು. ಮನಿಯವರ ಒಪ್ಪಿಗಿ ಬೇಕು, ಅಷ್ಟ." ಇಂಗ್ಲಿಷಿನಲ್ಲಿತ್ತು. ಓದಲು ಬರುತ್ತದೆ ನನಗೆ, ನಿಧಾನಕ್ಕೆ. ನಿಧಾನಿಸಲಿಲ್ಲ. ನಿನ್ನನ್ನು ಉಳಿಸುತ್ತಾರೆ ಎಂದರೆ ಯಾವ ತಂಗಿ ನಿಧಾನಿಸುತ್ತಾಳೆ? ಸಹಿ ಮಾಡಿ, ಪೆನ್‌ಡ್ರೈವನ್ನು ಎರಡೂ ಕೈಯಿಂದ ಕೊಟ್ಟೆ.

ಆಮೇಲಿನ ವಾರ ಒಂದು ಕೈಪತ್ರ ಬರೆಯುವ ಕೆಲಸ ಬಂತು. ಕಾಡಿನ ಕಡೆಯ ವಾಡಿಗಳ ಮೇಲಿರುವ ಹಳೆಯ ಕಲ್ಲುಕ್ವಾರಿಗೆ ಕಂಪನಿಯವರು ಎರಕದ ಅಚ್ಚಿನಲ್ಲಿ ಸುಟ್ಟ ಕರಿ ಉಸುಕು ತಂದು ಸುರಿಯುತ್ತಾರೆ. ಮಳೆಗಾಲ ಮುಗಿದಾಗಿನಿಂದ ಕೆಳಗಿನ ಬಾವಿಯ ನೀರು ವಾಸನೆ ಬರುತ್ತದೆ ಎಂದು ಜನ ಕುಡಿಯುವುದನ್ನು ಬಿಟ್ಟಿದ್ದರು. ಆ ಬಾವಿ ಯಾವುದು ಗೊತ್ತೇ? ನಿನ್ನ ಸುಮತಿಯ ವಾಡಿಯದು. "ನೀರು ಪರೀಕ್ಷೆ ಮಾಡಲಾಗಿದೆ, ಕುಡಿಯಲು ಯೋಗ್ಯ ಅಂತ ಸಾದಾ ಕನ್ನಡದಾಗ ಬರೀರಿ ಅಕ್ಕಾ, ಮರಾಠ್ಯಾಗೂ" ಅಂದರು. ವರದಿ ಕೇಳಿದೆ. "ಬರತದ, ಬರತದ." ವರದಿ ಬರುವ ಮುಂಚೆ ಹೇಗೆ ಬರೆಯಲಿ ಎಂದು, "ನೀರನ್ನು ಪರೀಕ್ಷೆಗೆ ಕಳುಹಿಸಲಾಗಿದೆ" ಅಂತಷ್ಟೇ ಬರೆದುಕೊಟ್ಟೆ. ಪ್ರಕಾಶ ಸರ್ ಓದಿ ನಕ್ಕರು. ಸಿಟ್ಟಾಗಲಿಲ್ಲ. "ಇರ್ಲಿ ಬಿಡ್ರಿ. ನೀವು ಬಾಳ ಮಾಡೀರಿ." ಆ ವಾರವೇ ನನ್ನ ಟ್ರೇನಿಂಗು ಮುಗಿಯಿತು. ಸುಳ್ಳು ಬರೆಯಲಿಲ್ಲವಲ್ಲ ಎಂದು ಸಮಾಧಾನದಿಂದ ರೈಲಿನಲ್ಲಿ ನಿದ್ದೆ ಮಾಡಿದೆ. ಅವರಿಗೆ ಇನ್ನು ನನ್ನ ಬರಹದ ಅಗತ್ಯವೇ ಇಲ್ಲ ಎಂದು ಆಗ ನನಗೆಲ್ಲಿ ತಿಳಿಯಬೇಕು?

ಮಂಗಳವಾರವೇ ರಫೀಕ್ ಭಾಯಿಯ ಆಟೋದಲ್ಲಿ ವಾಡಿಗೆ ಹೋದೆ. ಸುಮತಿ ಅಡುಗೆಮನೆಯ ಹೊರಗೆ ಕುಳಿತು ನೀರು ಸೋಸುತ್ತಿದ್ದಳು. ಹಿತ್ತಾಳೆಯ ಕೊಡದ ಬಾಯಿಗೆ ಎರಡು ಮಡಿಕೆಯ ಬಿಳಿ ಅರಿವೆ, ಅವ್ವ ಕಲಿಸಿದ್ದಂತೆ. ನನ್ನನ್ನು ನೋಡಿ ಮುಖ ಅರಳಿತು. "ಅತ್ತೀ! ಅಪ್ಪ ಬಂದಿದ್ದಾ. ಹೋದ ಮಂಗಳವಾರ, ನಮ್ಮ ಓಣ್ಯಾಗ. ನಾ ಅಂಗಳದಾಗ ನಿಂತು ಅತ್ತಬಿಟ್ಟೆ. ಫೋನಿನ್ಯಾಗ ಹಿಡಕೊಂಡೇನಿ, ದಿನಾ ಕೇಳತೀನಿ." ಒಂದು ವಾರದಿಂದ ಆ ಗಾಡಿ ವಾಡಿಗಳಲ್ಲಿ ತಿರುಗುತ್ತಿತ್ತು. ಪೇಟೆಗೆ ಬಂದದ್ದು ಅವತ್ತು ಮೊದಲ ಸಲ, ಅಷ್ಟೇ.

"ಇದು ಯಾವ ನೀರು ಸುಮತಿ?" ಎಂದು ಕೇಳಿದೆ. "ಬಾವೀದು. ಎಷ್ಟು ದಿನಾ ಅಂತ ಆಚೀ ವಾಡಿ ನಳಕ್ಕ ಹೊರೂದು ಹೇಳು, ಅದೂ ಈಗ?" ಅನ್ನುತ್ತ ಹೊಟ್ಟೆಯ ಮೇಲೆ ಕೈಯಿಟ್ಟಳು. ಆಗಲೇ ನನಗೆ ತಿಳಿದದ್ದು. ಐದು ತಿಂಗಳು. ಮೊದಲ ಎರಡು ಸಲ ನಿಲ್ಲಲಿಲ್ಲ ಎಂದು ಈ ಸಲ ಯಾರಿಗೂ ಹೇಳಿರಲಿಲ್ಲ. ಸಂತೋಷಪಡಬೇಕಾದ ಹೊತ್ತು ಅಣ್ಣಾ. ನಾನು ಕೊಡವನ್ನೇ ನೋಡುತ್ತಿದ್ದೆ.

"ಎಷ್ಟು ದಿನಾ ಆತು ಕುಡ್ಯಾಕತ್ತಿ?"

"ಅಪ್ಪ ಹೇಳಿದಾಗಿಂದ. ಎಂಟು ದಿನಾ. ಯಾಕ ಹಂಗ ನೋಡ್ತಿ? ಸೋಸೇ ಕುಡೀತೀನಿ."

"ಸುಮತಿ, ಅಪ್ಪ ಇಲ್ಲ. ಅದು ಕ್ಯಾಸೆಟ್ಟಿನ ಧ್ವನಿ ಕಲಿತು ಕಂಪ್ಯೂಟರ್ ಮಾತಾಡಿದ್ದು."

"ನನಗ ಗೊತ್ತಿಲ್ಲೇನು, ನಾ ಏನು ಸಣ್ಣ ಹುಡುಗಿ?" ಅಂದಳು. "ಅಪ್ಪನ ಕ್ಯಾಸೆಟ್ ಇದ್ದದ್ದು ನಿನ್ನ ಹತ್ರ. ನೀ ಆ ಕಂಪನ್ಯಾಗ ಇದ್ದಿ. ಅಪ್ಪ ಓದತಿದ್ದಾ, ಬರದಾಕಿ ನೀನ ಅಲ್ಲ? ಬಾವಿ ನೋಡದನ ಅಪ್ಪನ ಧ್ವನಿ ನೀ ಯಾರಿಗರ ಕೊಡತಿದ್ದೇನು ಅತ್ತಿ?"

ಅವಳು ಯಂತ್ರವನ್ನು ನಂಬಿರಲಿಲ್ಲ, ನಿನ್ನನ್ನೂ ಅಲ್ಲ. ನನ್ನನ್ನು ನಂಬಿ ಕುಡಿದಿದ್ದಳು.

ಅವಳ ಕೈಯಿಂದ ಆ ಅರಿವೆ ತೆಗೆದುಕೊಂಡು ಬಿಸಿಲಿಗೆ ಹಿಡಿದೆ. ಚಿಕ್ಕಂದಿನಲ್ಲಿ ಅವ್ವ ಸೋಸಿದ ಅರಿವೆಯನ್ನು ನಾವಿಬ್ಬರೂ ಹೀಗೇ ಹಿಡಿದು ನೋಡುತ್ತಿದ್ದೆವಲ್ಲ. ಅದರಲ್ಲಿ ಮಿಸುಕಾಡುವ ಸಣ್ಣ ಸಣ್ಣ ಜೀವಗಳನ್ನು ಮತ್ತೆ ಅದೇ ಬಾವಿಗೆ ಬಿಟ್ಟು ಬರುವುದು ನಿನ್ನ ಪಾಳಿ. ಸುಮತಿಯ ಅರಿವೆಯಲ್ಲಿ ಏನೂ ಮಿಸುಕಲಿಲ್ಲ. ನಡುವೆ ಕಾಡಿಗೆ ತೀಡಿದಂಥ ಒಂದು ಕಪ್ಪು ಗೆರೆ ಇತ್ತು. ಬೆರಳಿನಿಂದ ಉಜ್ಜಿದರೆ ಸಣ್ಣ ಉಸುಕು.

ಬಾವಿಗೆ ನಾನೇ ಹೋದೆ. ರಫೀಕ್ ಭಾಯಿ ಹಿಂದೆ ಬಂದ. ಕಟ್ಟೆಯ ಮೇಲೆ ಬಾಗಿ ಬಹಳ ಹೊತ್ತು ನಿಂತೆ. ನೀರು ತಿಳಿಯಾಗಿಯೇ ಕಾಣುತ್ತಿತ್ತು, ಅದೇ ನನ್ನನ್ನು ಹೆದರಿಸಿತು. ಕಪ್ಪೆ ಇಲ್ಲ. ನೀರಿನ ಮೇಲೆ ಓಡಾಡುವ ಹುಳ ಇಲ್ಲ. ಕಲ್ಲಿನ ಸಂದಿಯಲ್ಲಿ ಪಾಚಿಯೂ ಇಲ್ಲ. ರಫೀಕ್ ಭಾಯಿ ಒಂದು ಹರಳು ಎತ್ತಿ ಒಗೆದ. ಸದ್ದು ಬಂತು, ಅಷ್ಟೇ. ಯಾವುದೂ ಬೆದರಿ ಹಾರಲಿಲ್ಲ. "ಅಕ್ಕಾರ, ಈ ಬಾವ್ಯಾಗ ಯಾರೂ ಇಲ್ಲ" ಅಂದ. ನಾವು ನಿಂತಿರುವಾಗಲೇ ಇಬ್ಬರು ಹೆಂಗಸರು ಬಂದು ಕೊಡ ಇಳಿಸಿದರು. ಬೇಡ ಅಂದೆ. ಅವರಲ್ಲಿ ವಯಸ್ಸಾದವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೇಮಣ್ಣ ನೋಡಿ ಬಂದೇನಿ ಅಂದಾನ. ನೀ ಯಾರವಾ?" ನಾನು ಅವನ ತಂಗಿ, ಅವನು ಹೋಗಿ ಎರಡು ವರ್ಷವಾಯಿತು ಅಂದೆ. ಆಕೆ ನಕ್ಕೇಬಿಟ್ಟಳು. "ಮೊನ್ನೆ ಇದ ಓಣ್ಯಾಗ ಹೋದಾ. ಒಡಹುಟ್ಟಿದಾಕ್ಯಾಗಿ ಹಿಂಗ ಅನಬಾರದವಾ, ಬಾಯಾಗ ಹುಳ ಬೀಳತಾವು." ಹಗ್ಗ ಇಳಿಬಿಟ್ಟಳು.

ಬುಧವಾರ ಆಟೋ ನಗರಕ್ಕೆ ಹೋದೆ. ಪ್ರಕಾಶ ಸರ್ ಎದ್ದು ನಿಂತು ಖುರ್ಚಿ ಕೊಟ್ಟರು, ಚಹಾ ಹೇಳಿದರು. ಚಹಾ ಮುಟ್ಟದೆ ಕೇಳಿದೆ: "ವರದಿ ಬಂತೇನ್ರಿ?" ಬಂದಿರಲಿಲ್ಲ. "ಮತ್ತ ನಮ್ಮಣ್ಣ ಏನು ನೋಡಿ ಬಂದಾ?" ಅವರು ಮೆತ್ತಗೆ ಮಾತಾಡುವ ಮನುಷ್ಯ. "ಅಕ್ಕಾ, ಅದು ಬರೇ ಧ್ವನಿ. ಮಂದಿ ಸುಮ್ಮನ ಅಂಜಾಕತ್ತಿದ್ರು, ಅಂಜಿಕಿ ಹೋತು. ನೀವು ಕಲಿತದ್ದೂ ಇದನ್ನ ಅಲ್ಲೇನು? ಸಹಿ ನೀವ ಮಾಡೀರಿ" ಅಂತ ಕಾಗದವನ್ನು ನನ್ನ ಮುಂದೆ ತಿರುಗಿಸಿಟ್ಟರು. ನನ್ನ ಅಕ್ಷರ ಎಷ್ಟು ದುಂಡಗಿದ್ದವು ಅಣ್ಣಾ! ಅದೇ ಕಾಗದದ ಬಾಜೂ ನನ್ನ ಟ್ರೇನಿಂಗಿನ ಸರ್ಟಿಫಿಕೇಟು, ಚೌಕಟ್ಟು ಹಾಕಿಸಿಟ್ಟಿದ್ದರು. ಹೊರಡುವಾಗ ಅವರ ಬೂಟು ನೋಡಿದೆ. ನೀನಾಗಿದ್ದರೆ ಮೊದಲ ದಿನವೇ ನೋಡುತ್ತಿದ್ದೆ.

ಸರ್ಟಿಫಿಕೇಟು ಅಲ್ಲೇ ಬಿಟ್ಟು ಟಿಳಕವಾಡಿಗೆ ಬಂದೆ. ಬಾವಿಯಿಂದ ತುಂಬಿಕೊಂಡು ಬಂದಿದ್ದ ಬಾಟಲಿಯನ್ನು ನಂದಿನಿ ಮೇಡಂ ಟೇಬಲ್ಲಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಮೇಡಂ ಅದನ್ನು ತಾವೇ ಪರೀಕ್ಷೆಗೆ ಒಯ್ದು ಕೊಟ್ಟರು, ವರದಿ ಸೋಮವಾರ. ಸುಮತಿಯನ್ನು ಡಾಕ್ಟರಿಗೆ ತೋರಿಸುವುದೂ ಅವತ್ತೇ. ಎರಡೂ ಒಂದೇ ದಿನ. ಅಲ್ಲಿಯವರೆಗೆ ಸುಮ್ಮನೆ ಕುಳಿತುಕೊಳ್ಳಲಾ? ಆ ವಾಡಿಯಲ್ಲಿ ಎಷ್ಟು ಒಲೆಯ ಮೇಲೆ ಆ ನೀರು ಕುದಿಯುತ್ತಿರಬಹುದು?

ನಿನ್ನೆ, ಗುರುವಾರ, ಟ್ರಂಕಿನ ತಳದಿಂದ ಆ ಹಾಳೆ ತೆಗೆದೆ. "ಇಂದು ಬೆಳಿಗ್ಗೆ" ಎಂದಿದ್ದುದನ್ನು ಹೊಡೆದು "ಎರಡು ವರ್ಷದ ಹಿಂದೆ" ಎಂದು ಮಾಡಿದೆ. ರಫೀಕ್ ಭಾಯಿ ಮಾಳಿಗೆಯಿಂದ ನಮ್ಮ ಹಳೆಯ ಭೋಂಗಾ ಇಳಿಸಿ, ಜೇಡ ಒರೆಸಿ, ಆಟೋಕ್ಕೆ ಕಟ್ಟಿದ. "ಅಕ್ಕಾರ, ನಿಮಗ ಮೈಕಿನ್ಯಾಗ ಮಾತಾಡಾಕ ಬರತದೇನ್ರಿ?" ಅಂದ. ಮೂವತ್ತು ವರ್ಷದಲ್ಲಿ ಅದನ್ನು ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ. ಎಷ್ಟು ಭಾರ ಅದು!

ಸುಮತಿಯ ಓಣಿಯ ಬಾಯಿಯಲ್ಲಿ ನಿಲ್ಲಿಸಿದೆವು. ಮೊದಲು ಕನ್ನಡ. "ಊರ ಹಿರಿಯರೇ, ತಾಯಂದಿರೇ. ಮೈಕಿನ ನೇಮಣ್ಣ ತೀರಿಕೊಂಡು ಎರಡು ವರ್ಷಾತ್ರಿ. ನಾ ಅವನ ತಂಗಿ ಪದ್ಮಾವತಿ. ಅವನ ಬಾಯಿಗೆ ಕಡೇ ನೀರು ಬಿಟ್ಟಾಕಿ ನಾನು. ಗಾಡ್ಯಾಗ ಮಾತಾಡಾವ ಅವ ಅಲ್ಲ. ಆ ಧ್ವನಿ ಕೊಟ್ಟಾಕಿ ನಾನ, ತಪ್ಪು ನಂದು. ಬಾವೀ ನೀರಿನ ಪರೀಕ್ಷಾದ ವರದಿ ಇನ್ನೂ ಬಂದಿಲ್ರಿ. ಬಾವ್ಯಾಗ ಕಪ್ಪಿ ಇಲ್ಲ, ಹುಳ ಇಲ್ಲ. ಸೋಸಿದ ಅರಿವ್ಯಾಗ ಕರಿ ಉಸುಕ ಐತಿ. ವರದಿ ಬರೂತನಕಾ ಆ ನೀರು ಕುಡೀಬ್ಯಾಡ್ರಿ." ನೋಡಿದ್ದಕ್ಕಿಂತ ಒಂದು ಅಕ್ಷರವೂ ಹೆಚ್ಚು ಹೇಳಿಲ್ಲ ಎಂದು ಮನಸ್ಸಿನಲ್ಲೇ ಮತ್ತೊಮ್ಮೆ ತಾಳೆ ನೋಡಿಕೊಂಡೆ. ಆಮೇಲೆ ನಿನ್ನ ಮಾತು ಹೇಳಿದೆ: "ನಾ ನೋಡಿ ಬಂದೇನ್ರಿ." ಮರಾಠಿಯಲ್ಲೂ ಹೇಳಿದೆ.

ಮಂಗಳವಾರ ಬಾವಿಯ ಬಳಿ ನಕ್ಕ ಮುದುಕಿ ಬಾಗಿಲಲ್ಲಿ ನಿಂತಿದ್ದಳು, ಸೆರಗು ಬಾಯಿಗೆ ಹಿಡಿದು. "ನೇಮಣ್ಣ ಹೋದ್ನೇನವಾ? ಖರೇನ? ನಮ್ಮ ಮನಿಯವರು ಹೋದಾಗ ಅವನ ಬಂದು ಕುಂತಿದ್ದಾ" ಎಂದು ಅಲ್ಲೇ ಕುಳಿತು ಅಳತೊಡಗಿದಳು. ನಿನಗಾಗಿ ಅತ್ತಳು ಅಣ್ಣಾ, ಎರಡು ವರ್ಷ ತಡವಾಗಿ. ಕೆಲವರು ಕೊಡ ಬೋರಲು ಹಾಕಿದರು. ಕೆಲವರು ಬಾಗಿಲು ಮುಚ್ಚಿಕೊಂಡರು; ಕಂಪನಿಯಲ್ಲಿ ಕೆಲಸಕ್ಕಿರುವ ಮನೆಗಳು ಅವು, ಅವರನ್ನೂ ಏನನ್ನಲಿ? ಸುಮತಿ ಅಂಗಳದಲ್ಲಿ ನಿಂತು ಎಲ್ಲ ಕೇಳಿದಳು. ನನ್ನ ಕಡೆ ನೋಡಲಿಲ್ಲ. ಕೊಡ ಎತ್ತಿ ತಂದು ಓಣಿಯ ಅಂಚಿಗೆ ಪೂರ್ತಿ ಸುರಿದಳು. ಆಮೇಲೆ ಫೋನು ತೆಗೆದು ಏನೋ ಒತ್ತಿದಳು, ಬಹಳ ಹೊತ್ತು ಒತ್ತಿಕೊಂಡೇ ನಿಂತಳು. ಅಳಿಸುತ್ತಿದ್ದಳೋ, ಇನ್ನೊಮ್ಮೆ ಕೇಳುತ್ತಿದ್ದಳೋ, ನನಗೆ ತಿಳಿಯಲಿಲ್ಲ. "ಅತ್ತಿ, ಎಂಟು ದಿನಾ ನಾ..." ಎಂದಳು.

ಹೊಳೆಯ ತಿರುವಿನಲ್ಲಿ ವಾಪಸು ಬರುವಾಗ ಎದುರಿಗೆ ಆ ಹೊಸ ಆಟೋ ಬಂತು. ದಾರಿ ಸಣ್ಣದು. ಎರಡೂ ಗಾಡಿ ಒರಸಿಕೊಂಡಂತೆ ಹಾದವು. ನಿನ್ನ ಧ್ವನಿ ನನ್ನ ಕಿವಿಯ ಬಾಜೂವೇ ಹೋಯಿತು, ಅಷ್ಟು ಹತ್ತಿರ, ಎರಡು ವರ್ಷದಲ್ಲಿ ಅಷ್ಟು ಹತ್ತಿರ ಎಂದೂ ಕೇಳಿರಲಿಲ್ಲ. ಒಂದು ಕ್ಷಣ, ಬರೀ ಒಂದು ಕ್ಷಣ, ನಿಲ್ಲಿಸು ರಫೀಕ್, ಇನ್ನೊಂದು ಸಲ ಕೇಳುತ್ತೇನೆ ಎನ್ನುವುದರಲ್ಲಿದ್ದೆ. ಅದನ್ನೂ ನಿನಗೆ ಮುಚ್ಚಿಡುವುದಿಲ್ಲ. ಗಾಡಿ ವಾಡಿಯ ಕಡೆ ಇಳಿದು ಹೋಯಿತು. ರಫೀಕ್ ಭಾಯಿ ಏನೂ ಕೇಳದೆ ಹ್ಯಾಂಡಲ್ಲು ತಿರುಗಿಸಿ ಅದರ ಬೆನ್ನು ಹತ್ತಿದ.

ಇವತ್ತು ಶುಕ್ರವಾರ. ರಫೀಕ್ ಭಾಯಿ ಹೊರಗೆ ಹಾರ್ನು ಹೊಡೆಯುತ್ತಿದ್ದಾನೆ, ಕಾಗದ ಇಲ್ಲಿಗೆ ಮುಗಿಸುತ್ತೇನೆ. ನಿನಗೆ ತಲುಪದೇ ಹೋದ ಸುದ್ದಿ ಎರಡು. ನಿನ್ನ ಮಗಳು ತಾಯಿಯಾಗುವವಳಿದ್ದಾಳೆ. ಆ ಸುದ್ದಿಯನ್ನು ಪೂರ್ತಿ ಬಾಯಿಬಿಟ್ಟು ಹೇಳಲು ಸೋಮವಾರ ಆಗಬೇಕು. ಇನ್ನೊಂದು, ನೀನು ತೀರಿಕೊಂಡಿದ್ದೀಯ ಅಣ್ಣಾ. ನಿನ್ನೆ ಮೂರು ವಾಡಿಗಳಲ್ಲಿ ಹೇಳಿ ಬಂದಿದ್ದೇನೆ, ಇನ್ನೂ ಹನ್ನೊಂದು ಉಳಿದಿವೆ. ಆ ಗಾಡಿ ಎಷ್ಟು ದಿನ ನಿನ್ನನ್ನು ಬದುಕಿಸುತ್ತದೋ ಅಷ್ಟು ದಿನ ನಾನು ಅದರ ಹಿಂದೆ ಹೋಗಿ ನಿನ್ನ ಸಾವನ್ನು ಸಾರುತ್ತೇನೆ. ನಿನ್ನ ಮುಖ ನೋಡಿದವಳು ನಾನೇ ತಾನೇ.

ನಿನ್ನ ತಂಗಿ,
ಪದ್ದಿ